ಚಾಸಿಗೆ ತೂತು ಬಿದ್ದಿದೆ: ಬೆಸುಗೆ ಹಾಕಿಸಲೇ, ಗುಜರಿಗೆ ಕೊಡಲೇ?

ಪ್ರಶ್ನೆ: "ನಮ್ಮದು 2012ರ ಡೀಸೆಲ್ ಎಸ್‌ಯುವಿ, ಏಳು ಸೀಟಿನದು. 2017ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೊದಲ ಮಾಲೀಕರು ಸಿಗಡಿ ಕೆರೆ ನಡೆಸುತ್ತಿದ್ದರು. ನಮ್ಮ ಮನೆ ಗಂಗೊಳ್ಳಿ ಹತ್ತಿರ, ಸಮುದ್ರಕ್ಕೆ ಅರ್ಧ ಕಿಲೋಮೀಟರೂ ಇಲ್ಲ. ಇಂಜಿನ್ ಇವತ್ತಿಗೂ ಗಟ್ಟಿ, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಕಳೆದ ತಿಂಗಳು ಹಿಂದಿನ ಬುಷ್ ಬದಲಿಸಲು ಬಿಟ್ಟಾಗ ಮೆಕ್ಯಾನಿಕ್ ಕರೆದು ತೋರಿಸಿದ. ಎಡಗಡೆ ಹಿಂದಿನ ಚಕ್ರದ ಹತ್ತಿರ ಚಾಸಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು! 18 ಸಾವಿರ ಕೊಡಿ, ಪ್ಲೇಟ್ ಹೊಡೆದು ಮೇಲಿಂದ ಬ್ಲ್ಯಾಕ್ ಕೋಟಿಂಗ್ ಮಾಡಿಕೊಡುತ್ತೇನೆ ಅನ್ನುತ್ತಾನೆ. ಇನ್ನೊಬ್ಬರು, ಬಣ್ಣ ಹೊಡೆಸಿ ಘಟ್ಟದ ಮೇಲಿನವರಿಗೆ ಮಾರಿಬಿಡಿ ಅನ್ನುತ್ತಾರೆ. ಅಮೆರಿಕದಲ್ಲಿರುವ ತಮ್ಮ, ಇಲ್ಲಿ ಕಂಪನಿಯೇ ಪುಕ್ಕಟೆ ಚಾಸಿ ಬದಲಿಸಿಕೊಡುತ್ತದೆ, ನೀನೂ ಕೇಸ್ ಹಾಕು ಅನ್ನುತ್ತಾನೆ. ಬರುವ ವರ್ಷ ಗಾಡಿಗೆ 15 ತುಂಬುತ್ತದೆ, ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ತಿಂಗಳಿಗೆ ಎರಡು ಸಲ ಅಮ್ಮನನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗದ ಆಸ್ಪತ್ರೆಗೆ ಹೋಗುತ್ತೇವೆ. ಈ ಗಾಡಿಯಲ್ಲಿ ಹೋಗಬಹುದೇ?"

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹೋಗಬೇಡಿ. ಗಾಡಿಯ ಪೂರ್ತಿ ಭಾರ ಹೊರುವ ಅಡಿಯ ಚೌಕಟ್ಟಾದ ಚಾಸಿಯಲ್ಲಿ ಇನ್ನೂ ಎಷ್ಟು ಕಬ್ಬಿಣ ಉಳಿದಿದೆ ಎಂದು ಯಾರಾದರೂ ಅಳೆದು ಹೇಳುವ ತನಕ ಆ ಗಾಡಿ ಘಾಟಿ ಹತ್ತುವುದು ಬೇಡ, ಏಳು ಜನ ಕೂರುವುದೂ ಬೇಡ. ಮನೆಯಿಂದ ಗ್ಯಾರೇಜಿಗೆ ಒಬ್ಬರೇ ನಿಧಾನಕ್ಕೆ ಓಡಿಸಿಕೊಂಡು ಹೋಗಿ, ಅಷ್ಟೇ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗಾಡಿ ಅಪಾಯವೇ, ರಿಪೇರಿ ಮಾಡಿಸಿದರೆ ನಿಲ್ಲುತ್ತದೆಯೇ, ಖರ್ಚು ಯಾರು ಹೊರಬೇಕು. ಇಪ್ಪತ್ತೆಂಟು ವರ್ಷದಿಂದ ಕರಾವಳಿಯ ಗಾಡಿಗಳ ಹೊಟ್ಟೆಯಡಿ ಮಲಗಿ ಎದ್ದವನು ನಾನು. ತುಕ್ಕಿನ ಬಗ್ಗೆ ನಮ್ಮವರಿಗೆ ಇರುವಷ್ಟು ಉಡಾಫೆ ಬೇರೆ ಯಾವ ದೋಷದ ಬಗ್ಗೆಯೂ ಇಲ್ಲ. ಹಾಗೇ, ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಆಗುವಷ್ಟು ಗಾಬರಿಯೂ ಬೇರೆ ಯಾವುದಕ್ಕೂ ಆಗುವುದಿಲ್ಲ.

"ಇಂಜಿನ್ ಇವತ್ತಿಗೂ ಗಟ್ಟಿ" ಎಂದು ಬರೆದಿದ್ದೀರಿ. ಹಳೇ ಗಾಡಿ ತರುವ ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಆ ಕಾಲದ ಡೀಸೆಲ್ ಇಂಜಿನ್‌ಗಳು ಮೂರು ಲಕ್ಷ ಕಿಲೋಮೀಟರ್ ಓಡಿದರೂ ದಣಿಯುವುದಿಲ್ಲ. ಆದರೆ ಇಂಜಿನ್ ಇರುವುದು ಎಣ್ಣೆಯಲ್ಲಿ, ಚಾಸಿ ಇರುವುದು ಉಪ್ಪಿನಲ್ಲಿ. ಒಂದರ ಆರೋಗ್ಯ ನೋಡಿ ಇನ್ನೊಂದರದ್ದನ್ನು ಹೇಳಲು ಬರುವುದಿಲ್ಲ. ನಮ್ಮ ಕಡೆ ಗಾಡಿ ಸಾಯುವುದು ಇಂಜಿನ್ ಕೆಟ್ಟು ಕಡಿಮೆ, ಬುಡ ಕರಗಿ ಹೆಚ್ಚು.

ನಿಮ್ಮ ಗಾಡಿಯಂಥ ಎಸ್‌ಯುವಿಗಳ ಚಾಸಿ ಏಣಿಯ ಹಾಗಿರುತ್ತದೆ. ಉದ್ದಕ್ಕೆ ಎರಡು ತೊಲೆ, ನಡುನಡುವೆ ಅಡ್ಡಪಟ್ಟಿ. ಆ ತೊಲೆಗಳು ಗಟ್ಟಿ ಕಂಬಿಗಳೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಒಳಗೆ ಪೊಳ್ಳು. ತಗಡನ್ನು ಪೆಟ್ಟಿಗೆಯ ಹಾಗೆ ಮಡಿಸಿ ಬೆಸೆದದ್ದು. ತಗಡಿನ ದಪ್ಪ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಿಲಿಮೀಟರ್. ಹೊರಗೆ ಬಣ್ಣ ಚೆನ್ನಾಗಿಯೇ ಕೂತಿರುತ್ತದೆ. ಒಳಮೈಗೆ, ಮಡಿಕೆಗಳ ಸಂದಿಗೆ ಅದು ಅಷ್ಟು ಚೆನ್ನಾಗಿ ತಲುಪಿರುವುದಿಲ್ಲ. ಒಳಗೆ ಸೇರಿದ ನೀರು ಹೊರಹೋಗಲಿ ಎಂದು ಕೆಳಗಡೆ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಚಕ್ರ ಎರಚಿದ ಕೆಸರು ಮೊದಲು ಮುಚ್ಚುವುದು ಅವನ್ನೇ. ಆಮೇಲೆ ಒಳಗೆ ಹೋದದ್ದು ಒಳಗೇ.

ಉಪ್ಪು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರನ್ನು ವಿದ್ಯುತ್ ಹರಿಯುವ ದ್ರಾವಣ ಮಾಡುತ್ತದೆ, ತುಕ್ಕಿನ ಕೆಲಸ ಆಗ ಜೋರಾಗುತ್ತದೆ. ಅಡುಗೆ ಉಪ್ಪು ಗಾಳಿಯಲ್ಲಿ ತೇವ ಸುಮಾರು ಶೇ 75 ದಾಟಿದರೆ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಶೇ 33ರಷ್ಟು ತೇವವೇ ಸಾಕು. ದೀಪಾವಳಿ ಕಳೆದ ಮೇಲೂ ಡಬ್ಬದ ಹಪ್ಪಳ ಮೆತ್ತಗಾಗುವ ಊರು ನಮ್ಮದು. ಅಂದರೆ ಚಾಸಿಯೊಳಗಿನ ಉಪ್ಪು ಒಣಗುವ ದಿನ ವರ್ಷದಲ್ಲಿ ಬೆರಳೆಣಿಕೆ. ಇದೇ ಮಾಡೆಲ್‌ನ ಗಾಡಿ ಕಲಬುರಗಿಯಲ್ಲಿ ಹದಿನೈದು ವರ್ಷ ಬಿಸಿಲಲ್ಲಿ ನಿಂತರೆ ಬಣ್ಣ ಸುಟ್ಟಿರುತ್ತದೆ, ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ಬುಡ ಮಾತ್ರ ಹೊಸದರ ಹಾಗೆ ಇರುತ್ತದೆ.

ನಿಮ್ಮ ಗಾಡಿಯ ಮೇಲೆ ಇನ್ನೂ ಎರಡು ಹೊಡೆತ ಬಿದ್ದಿದೆ. ಮೊದಲಿನವರು ಉಪ್ಪುನೀರಿನ ಸಿಗಡಿ ಕೆರೆಯ ದಂಡೆ ಮೇಲೆ ಓಡಿಸಿದ್ದಾರೆ. ಹಿಂದೆ ಕ್ರೇಟ್ ಇಟ್ಟುಕೊಂಡು ಹೋಗಿದ್ದರೆ ಐಸ್ ಕರಗಿದ ಉಪ್ಪುನೀರು ನೆಲದ ಮ್ಯಾಟ್ ಅಡಿ ಇಳಿದು, ಬಾಡಿ ಬೋಲ್ಟ್‌ಗಳ ಸುತ್ತ ಸೋರಿ, ಕೊನೆಗೆ ಚಾಸಿಯ ಮೇಲೇ ಬಿದ್ದಿರುತ್ತದೆ. ಎರಡನೆಯದು ಮರವಂತೆ. ಮಳೆಗಾಲದಲ್ಲಿ ಅಲ್ಲಿ ಹೆದ್ದಾರಿಗೇ ಕಡಲಿನ ತುಂತುರು ಹೊಡೆಯುತ್ತದೆ, ನೀವು ವಾರಕ್ಕೆ ಎಷ್ಟು ಸಲ ಆ ದಾರಿಯಲ್ಲಿ ಹೋಗುತ್ತೀರೋ ಲೆಕ್ಕ ಹಾಕಿ.

ಇನ್ನು ಆ ತೂತು. ತುಕ್ಕು ಒಳಗಿಂದ ಹೊರಗೆ ಬಂದದ್ದರಿಂದ ತೂತು ಕಾಣಿಸುವ ಹೊತ್ತಿಗೆ ಅದರ ಸುತ್ತ ಕನಿಷ್ಠ ಅಂಗೈಯಗಲ ತಗಡು ಕಾಗದದ ಹಾಗೆ ಆಗಿರುತ್ತದೆ. ಹೆಬ್ಬೆರಳಿನಷ್ಟು ತೂತು ಎಂದರೆ ಹೆಬ್ಬೆರಳಿನಷ್ಟೇ ನಷ್ಟ ಎಂದುಕೊಳ್ಳಬೇಡಿ. ಜಾಗವೂ ಕೆಟ್ಟದ್ದೇ. ಹಿಂದಿನ ಆ್ಯಕ್ಸಲ್ ದಾಟಲು ಚಾಸಿ ಕಮಾನಿನಂತೆ ಮೇಲಕ್ಕೆ ಬಾಗುತ್ತದೆ. ಸಸ್ಪೆನ್ಷನ್ನಿನ ಬ್ರಾಕೆಟ್, ಶಾಕ್ ಅಬ್ಸಾರ್ಬರ್‌ನ ಹಿಡಿತ ಎಲ್ಲ ಅಲ್ಲೇ ಸುತ್ತಮುತ್ತ. ಗುಂಡಿಗೆ ಚಕ್ರ ಬಿದ್ದಾಗ, ಏಳು ಜನ ಕೂತು ಘಾಟಿಯ ತಿರುವಿನಲ್ಲಿ ಗಾಡಿ ವಾಲಿದಾಗ ಭಾರ ಬರುವುದು ಅಲ್ಲಿಗೇ. ಇದೇ ಗಾತ್ರದ ತೂತು ಹಿಂದಿನ ಬಂಪರ್ ಕೂರುವ ತುದಿಯಲ್ಲಿ ಬಿದ್ದಿದ್ದರೆ ನನ್ನ ಮಾತಿನ ಧಾಟಿಯೇ ಬೇರೆ ಇರುತ್ತಿತ್ತು.

ತುಕ್ಕು ಎಂದರೆಲ್ಲ ಒಂದೇ ಅಲ್ಲ. ಆ್ಯಕ್ಸಲ್ ಟ್ಯೂಬಿನ ಮೇಲೆ, ಬೋಲ್ಟಿನ ತಲೆ ಮೇಲೆ ಕಾಣುವ ಕೆಂಪು ಪುಡಿ ಎರಡು ಮಳೆಗಾಲ ಕಂಡ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಏಳುವ ತುಕ್ಕು, ಬಣ್ಣದ ಅಡಿ ಗುಳ್ಳೆ, ಎರಡು ತಗಡು ಕೂಡುವ ಸಂದಿ ಉಬ್ಬಿ ಬಾಯಿಬಿಟ್ಟಿರುವುದು, ಇವು ಬೇರೆ ಜಾತಿ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಜಾಗ ಕೇಳುತ್ತದೆ. ಸಂದಿಯೊಳಗೆ ಸೇರಿ ಉಬ್ಬಿ, ಮರ ಸೀಳಲು ಬೆಣೆ ಹೊಡೆದ ಹಾಗೆ ತಗಡುಗಳನ್ನೇ ಬಿಡಿಸುತ್ತದೆ. ಹಳೇ ಆರ್‌ಸಿಸಿ ಮನೆಗಳ ಸ್ಲ್ಯಾಬಿನಿಂದ ಕಾಂಕ್ರೀಟ್ ಉದುರುವುದೂ ಒಳಗಿನ ಕಂಬಿ ಹೀಗೆ ಉಬ್ಬಿಯೇ.

ಎರಡು ವರ್ಷದ ಹಿಂದೆ ಮಲ್ಪೆ ಕಡೆಯಿಂದ ನಿಮ್ಮದೇ ವಯಸ್ಸಿನ ಒಂದು ಗಾಡಿ ಬಂತು. ಕೆಳಗೆ ಬ್ಲ್ಯಾಕ್ ಕೋಟಿಂಗ್ ಮಿರಮಿರ ಮಿಂಚುತ್ತಿತ್ತು. ಮಾಲೀಕರಿಗೆ ಹಿಂದಿನಿಂದ ಒಂದು ಟಕ್‌ಟಕ್ ಸದ್ದು ಬರುತ್ತಿತ್ತು, ಅಷ್ಟೇ ದೂರು. ರ‍್ಯಾಂಪ್ ಮೇಲೆ ಏರಿಸಿ ಮುಂದಿನಿಂದ ಹಿಂದಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಂದೆವು. ಮುಂದೆ ಟಣ್, ಟಣ್ ಎಂದು ಗಂಟೆಯ ಸದ್ದು. ಹಿಂದಿನ ಬಾಗಿಲ ಕೆಳಗೆ ಬಂದಾಗ ಟಣ್ ಹೋಗಿ ದಬ್ ಆಯಿತು, ಹಲಸಿನ ಹಣ್ಣನ್ನು ತಟ್ಟಿದ ಹಾಗೆ. ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ, ನೀರು ಹೋಗುವ ತೂತಿಗೆ ಕಂಬಿ ಹಾಕಿ ಕೆದಕಿದೆವು. ಕೆಳಗೆ ಹಾಸಿದ ಪೇಪರಿನ ಮೇಲೆ ಒಣ ಎಲೆಯಂಥ ಕಪ್ಪುಗೆಂಪು ಚೂರುಗಳು ಬೀಳುತ್ತಲೇ ಇದ್ದವು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಆಮೇಲೆ ಹುಡುಗ ಸ್ಕ್ರೂಡ್ರೈವರ್ ಒತ್ತಿದ. ಕೋಟಿಂಗ್ ರಬ್ಬರಿನ ಹಾಗೆ ಒಳಗೆ ಹೋಯಿತು, ಅದರ ಹಿಂದೆ ಏನೂ ಇರಲಿಲ್ಲ. ಅಷ್ಟು ದೂರ ಚಾಸಿ ಎಂಬ ಹೆಸರಿನಲ್ಲಿ ನಿಂತಿದ್ದದ್ದು ಡಾಂಬರಿನ ಪದರ.

ಈ ಕಾರಣಕ್ಕೇ ತುಕ್ಕಿನ ಮೇಲೆ ಬಳಿಯುವ ಕಪ್ಪು ಕೋಟಿಂಗ್ ಕಂಡರೆ ನನಗೆ ಆಗುವುದಿಲ್ಲ. ಹೊಸ ಗಾಡಿಗೆ, ಒಣಗಿದ ಶುದ್ಧ ಲೋಹಕ್ಕೆ ಹೊಡೆದರೆ ಅದರಿಂದ ಉಪಯೋಗವಿದೆ. ತುಕ್ಕಿನ ಮೇಲೆ ಹೊಡೆದರೆ ತೇವವನ್ನು ಒಳಗೇ ಮುಚ್ಚಿಟ್ಟ ಹಾಗೆ, ಜೊತೆಗೆ ಮುಂದೆ ನೋಡುವವನ ಕಣ್ಣೂ ಕಟ್ಟಿದ ಹಾಗೆ. ಲಾರಿಯವರು ಹೊಡೆಸುವ ಕರಿ ಆಯಿಲ್ ಬಗ್ಗೆಯೂ ಕೇಳುತ್ತಾರೆ. ಹೊರಮೈಯಲ್ಲಿ ನಾಲ್ಕು ದಿನ ನೀರು ನಿಲ್ಲದಂತೆ ಮಾಡುತ್ತದೆ, ನಿಜ. ಪೊಳ್ಳಿನ ಒಳಗೆ ಅದು ಹೋಗುವುದಿಲ್ಲ, ಬ್ರೇಕ್ ಹೋಸ್, ಬುಷ್‌ಗಳ ರಬ್ಬರನ್ನು ಕೆಡಿಸುತ್ತದೆ, ಮೊದಲ ಮಳೆಗೆ ತೊಳೆದು ನಿಮ್ಮದೇ ಬಾವಿಯ ದಾರಿ ಹಿಡಿಯುತ್ತದೆ.

ಹಾಗಾದರೆ ಈಗ ಮಾಡಬೇಕಾದ್ದೇನು? ಪ್ಲೇಟ್ ಹೊಡೆಸುವ ಮೊದಲು ಅಳತೆ. ಅಲ್ಟ್ರಾಸೋನಿಕ್ ಥಿಕ್‌ನೆಸ್ ಗೇಜ್ ಎಂಬ ಉಪಕರಣವಿದೆ, ಮೊಬೈಲ್ ಫೋನಿಗಿಂತ ಸ್ವಲ್ಪ ದಪ್ಪ. ತುಕ್ಕು ಕೆರೆದ ಜಾಗಕ್ಕೆ ಜೆಲ್ ಹಚ್ಚಿ ನಾಣ್ಯದಷ್ಟು ಪ್ರೋಬ್ ಒತ್ತಿದರೆ ತಗಡು ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ತೋರಿಸುತ್ತದೆ. ಉಕ್ಕಿನ ಬೋಟುಗಳ ತಳ ಅಳೆಯುವವರು ಬಳಸುವುದು ಇದನ್ನೇ, ಆದ್ದರಿಂದ ಬೋಟ್ ಕೆಲಸ ನಡೆಯುವ ಕಡೆ ವಿಚಾರಿಸಿ. ತುಕ್ಕಿಲ್ಲದ ಮುಂಭಾಗದ ಅಳತೆಯೊಂದನ್ನು ಮೊದಲು ತೆಗೆದುಕೊಂಡು ಅದಕ್ಕೆ ಹೋಲಿಸುತ್ತಾ ಹಿಂದಕ್ಕೆ ಬನ್ನಿ. ಎಡಗಡೆ ಮಾತ್ರವಲ್ಲ, ಬಲಗಡೆಯದ್ದನ್ನೂ ಅಳೆಸಿ. ತುಕ್ಕು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತದೆ. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇದ್ದರೆ ಆ ತೂತಿನಿಂದಲೇ ಒಳಗೆ ಬಿಟ್ಟು ನೋಡಬಹುದು.

ಅದೇ ಹೊತ್ತಿಗೆ ಬ್ರೇಕ್ ಪೈಪ್ ನೋಡಿಸಿ. ನಿಜ ಹೇಳಬೇಕೆಂದರೆ ಚಾಸಿಗಿಂತ ಮೊದಲು ನನಗೆ ಭಯ ಇರುವುದು ಇದರದ್ದೇ. ಮುಂದಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಸಣ್ಣ ಉಕ್ಕಿನ ಪೈಪ್ ಚಾಸಿಗೇ ಒರಗಿ, ಅಲ್ಲಲ್ಲಿ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡು ಹೋಗಿರುತ್ತದೆ. ಕ್ಲಿಪ್ಪಿನ ಅಡಿ ಕೆಸರು ನಿಂತು ಅದೇ ಜಾಗದಲ್ಲಿ ಪೈಪ್ ತೆಳುವಾಗುತ್ತದೆ. ಊರೊಳಗೆ ಮೆಲ್ಲಗೆ ಒತ್ತಿದಾಗ ತಡೆಯುತ್ತದೆ, ಘಾಟಿ ಇಳಿಯುವಾಗ ಎದುರಿಗೆ ಬಸ್ ಬಂದು ಕಾಲು ಬಲವಾಗಿ ಬಿದ್ದಾಗ ಒಡೆಯುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ಒಂದು ನಿಮಿಷ ಪೆಡಲನ್ನು ಬಲವಾಗಿ ಒತ್ತಿಹಿಡಿಯಿರಿ. ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಗ್ಯಾರೇಜಿಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಇಳಿಯದಿದ್ದರೆ ಎಲ್ಲ ಸರಿ ಎಂದಲ್ಲ, ಪೈಪನ್ನು ಕಣ್ಣಿಂದ ನೋಡಲೇಬೇಕು. ಹ್ಯಾಂಡ್‌ಬ್ರೇಕ್ ಕೇಬಲ್, ಡೀಸೆಲ್ ಟ್ಯಾಂಕಿನ ಪಟ್ಟಿ, ಕೊನೆಯ ಸಾಲಿನ ಸೀಟ್‌ಬೆಲ್ಟ್ ಬೋಲ್ಟುಗಳು, ಸ್ಟೆಪ್ನಿ ತೂಗುವ ಸರಪಳಿ ಇವನ್ನೂ ಬಿಡಬೇಡಿ.

ಸ್ಟೆಪ್ನಿ ಎಂದಾಗ ನಿಮ್ಮ ತಮ್ಮನ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ನಿಜ. ಅಮೆರಿಕದ ಚಳಿ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿನ ಗಾಡಿಗಳಿಗೂ ನಮ್ಮದೇ ಕಾಯಿಲೆ. 2008ರಲ್ಲಿ ಟೊಯೋಟಾ ಅಲ್ಲಿ 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿಗೆ 15 ವರ್ಷದ ಭರವಸೆ ಕೊಟ್ಟು, ತೀರಾ ಹೋದ ಗಾಡಿಗಳನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಪಡೆಯಿತು. 2009ರಲ್ಲಿ ಟಂಡ್ರಾ ಪಿಕಪ್‌ಗಳನ್ನು ವಾಪಸ್ ಕರೆದದ್ದು ಹಿಂದಿನ ಅಡ್ಡಪಟ್ಟಿ ತುಕ್ಕು ಹಿಡಿದು ಸ್ಟೆಪ್ನಿ ರಸ್ತೆಗೆ ಬೀಳಬಹುದು, ಹಿಂದಿನ ಬ್ರೇಕ್ ಪೈಪಿಗೂ ಪೆಟ್ಟಾಗಬಹುದು ಎಂದು. ನಿಮ್ಮ ತಮ್ಮನ ಮನಸ್ಸಿನಲ್ಲಿರುವುದು 2016ರ ದೊಡ್ಡ ಒಪ್ಪಂದ ಇರಬೇಕು. ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದ ಮೇಲೆ 2005–2010ರ ಟಕೋಮಾ, 2007–2008ರ ಟಂಡ್ರಾ ಮತ್ತು 2005–2008ರ ಸಿಕೋಯಾ ಎಸ್‌ಯುವಿ, ಒಟ್ಟು ಸುಮಾರು 15 ಲಕ್ಷ ಗಾಡಿಗಳನ್ನು ತಪಾಸಣೆ ಮಾಡಿ ಅಗತ್ಯವಿದ್ದರೆ ಚಾಸಿ ಬದಲಿಸಲು ಕಂಪನಿ ಒಪ್ಪಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಒಪ್ಪಂದದ ಮೌಲ್ಯ 340 ಕೋಟಿ ಡಾಲರ್‌ವರೆಗೆ ಎಂದು ಲೆಕ್ಕ ಹಾಕಿದ್ದರು. ಅಲ್ಲಿ ಚಾಸಿ ಬದಲಿಸಲು ಇಟ್ಟಿದ್ದ ಗುರುತು 10 ಮಿಲಿಮೀಟರ್ ತೂತು. ನಿಮ್ಮ ಹೆಬ್ಬೆರಳನ್ನು ಒಮ್ಮೆ ಅಳೆದು ನೋಡಿ.

ಅಲ್ಲೂ ಎಲ್ಲರಿಗೂ ಹೀಗೆ ಸಿಗುವುದಿಲ್ಲ. ಜನರಲ್ ಮೋಟರ್ಸ್‌ನ 1999–2003ರ ಸುಮಾರು 50 ಲಕ್ಷ ಪಿಕಪ್, ಎಸ್‌ಯುವಿಗಳ ಬ್ರೇಕ್ ಪೈಪ್ ತುಕ್ಕಿನ ಬಗ್ಗೆ ಬಂದ ದೂರುಗಳನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿ, 2015ರಲ್ಲಿ ಇದು ವಯಸ್ಸಿನ ಸವೆತ ಎಂದು ಫೈಲ್ ಮುಚ್ಚಿತು. ಗಾಡಿಯ ಅಡಿ ತೊಳೆಯಿರಿ, ಪೈಪ್ ಪರೀಕ್ಷೆ ಮಾಡಿಸಿ ಎಂದು ಮಾಲೀಕರಿಗೇ ಹೇಳಿತು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕೆ 2021ರ ಏಪ್ರಿಲ್‌ನಿಂದ ಬಂದಿದೆ. ಮಾಲೀಕರು ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಆದರೆ ಏಳು ವರ್ಷದೊಳಗಿನ ಗಾಡಿಗೆ ಮಾತ್ರ, ಅದೂ ಮಾರಾಟದ ಸಂಖ್ಯೆಗೆ ತಕ್ಕಷ್ಟು ದೂರುಗಳು ಬಂದರೆ. ಈ ಏಳು ವರ್ಷದ ಗೆರೆ ಎಳೆದವರು ತುಕ್ಕನ್ನು ಯೋಚಿಸಿಲ್ಲ ಎಂದೇ ನನ್ನ ಅನಿಸಿಕೆ. ಚಾಸಿಯ ಒಳತುಕ್ಕು ಮುಖ ತೋರಿಸುವುದೇ ಏಳರ ಮೇಲೆ. ಗ್ರಾಹಕರ ಆಯೋಗಕ್ಕೆ ದೂರು ಕಾರಣ ಉಂಟಾದ ಎರಡು ವರ್ಷದೊಳಗೆ ಹೋಗಬೇಕು. ತೂತು ಕಂಡದ್ದು ಕಳೆದ ತಿಂಗಳು ಎಂದು ವಾದ ಮಾಡಬಹುದು. ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಹದಿನಾಲ್ಕು ವರ್ಷ, ಎರಡನೇ ಮಾಲೀಕ, ಸಿಗಡಿ ಕೆರೆ. ಕಂಪನಿಗೆ ಫೋಟೋ ಸಮೇತ ಒಂದು ಪತ್ರ ಹಾಕಿ, ಅದಕ್ಕೆ ಖರ್ಚಿಲ್ಲ. ವಕೀಲರ ಫೀಸಿಗೆ ಎತ್ತಿಡುವ ದುಡ್ಡನ್ನು ಚಾಸಿಯ ದಪ್ಪ ಅಳೆಸುವುದಕ್ಕೆ ಕೊಡಿ. ಇನ್ಶೂರೆನ್ಸ್‌ನಿಂದಲೂ ನಿರೀಕ್ಷೆ ಬೇಡ. ಫುಲ್ ಇನ್ಶೂರೆನ್ಸ್ ಆದರೂ ಸವೆತ, ತುಕ್ಕು ಅದರ ವ್ಯಾಪ್ತಿಯಲ್ಲಿಲ್ಲ.

"ಎಫ್‌ಸಿ ಪಾಸಾದರೆ ಗಾಡಿ ಸೇಫ್ ಅಲ್ವಾ?" ಎಂದು ಎಷ್ಟೋ ಜನ ಕೇಳಿದ್ದಾರೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿ 5 ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿಗೆ ಇದರ ಶುಲ್ಕವನ್ನು 5,000 ರೂಪಾಯಿ ಮಾಡಿದ್ದರು. ಬ್ರೇಕ್, ಲೈಟ್, ಹೊಗೆ ಎಲ್ಲ ನೋಡುತ್ತಾರೆ. ಚಾಸಿಯ ದಪ್ಪ ಅಳೆಯುವ ಪರೀಕ್ಷೆ ಅಲ್ಲಿಲ್ಲ. ಮಲ್ಪೆಯ ಆ ಗಾಡಿಗೂ ಇನ್ನೂ ಅವಧಿ ಬಾಕಿಯಿದ್ದ ಆರ್‌ಸಿ ಇತ್ತು ಮಾರಾಯ್ರೆ. ಅದಕ್ಕೇ ಹೇಳುವುದು, ಎಫ್‌ಸಿಗೆ ದುಡ್ಡು ಕಟ್ಟುವ ಮೊದಲೇ ಗಾಡಿಯ ಹಣೆಬರಹ ತೀರ್ಮಾನವಾಗಲಿ.

ಅಳತೆ ಬಂದ ಮೇಲೆ ನಿಮ್ಮ ಮುಂದೆ ದಾರಿಗಳು ತೆರೆಯುತ್ತವೆ. ತೂತಿನ ಸುತ್ತ ಒಂದು ಗೇಣಿನೊಳಗೆ ತಗಡು ಮತ್ತೆ ಗಟ್ಟಿ ಸಿಕ್ಕಿ, ಬಲಗಡೆ ಚೆನ್ನಾಗಿದ್ದು, ಸಸ್ಪೆನ್ಷನ್ ಬ್ರಾಕೆಟ್‌ನ ಬುಡ ಅಲುಗಾಡದಿದ್ದರೆ ರಿಪೇರಿ ಮಾಡಬಹುದು. ಆದರೆ 18 ಸಾವಿರಕ್ಕೆ ಪ್ಲೇಟ್ ಹೊಡೆದು ಕಪ್ಪು ಬಳಿಯುವ ರಿಪೇರಿ ಬೇಡ. ತುಕ್ಕಿನ ಮೇಲೆಯೇ ಪ್ಲೇಟ್ ಇಟ್ಟು ಸುತ್ತ ಬೆಸೆದರೆ ಏನಾಗುತ್ತದೆಂದು ನೋಡಿದ್ದೇನೆ: ಬೆಸುಗೆಯ ಬಿಸಿಗೆ ಒಳಗಡೆ ಉಳಿದಿದ್ದ ಬಣ್ಣವೂ ಸುಟ್ಟುಹೋಗಿ, ಎರಡು ಮಳೆಗಾಲದಲ್ಲಿ ಪ್ಲೇಟಿನ ಅಂಚಿಗೆ ಸರಿಯಾಗಿ ಹೊಸ ಬಿರುಕು ಬರುತ್ತದೆ. ದಪ್ಪ ಪ್ಲೇಟ್ ಹಾಕಿದರೆ ಗಟ್ಟಿ ಎಂಬುದೂ ತಪ್ಪು. ಮೂರು ಮಿಲಿಮೀಟರ್ ತೊಲೆಗೆ ಎಂಟು ಮಿಲಿಮೀಟರ್ ಪ್ಲೇಟ್ ಹಾಕಿದರೆ ಬಾಗುವ ಭಾರವೆಲ್ಲ ಆ ಅಂಚಿಗೇ ಬಂದು ಕೂರುತ್ತದೆ. ಕೆಟ್ಟ ಭಾಗವನ್ನು ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಹತ್ತಿರ ಹತ್ತಿರ ಅಷ್ಟೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಬಾಗಿಸಿ, ತುದಿಗಳನ್ನು ನೇರ ಅಡ್ಡಗೆರೆಯಲ್ಲಿ ನಿಲ್ಲಿಸದೆ ಮೀನಿನ ಬಾಯಿಯ ಹಾಗೆ ಓರೆಯಾಗಿ ಕತ್ತರಿಸಿ, ಸಿಓಟೂ ವೆಲ್ಡಿಂಗ್‌ನಲ್ಲಿ ಬೆಸೆಯಬೇಕು. ಬ್ಯಾಟರಿ ಬಿಚ್ಚಿರಬೇಕು, ಡೀಸೆಲ್ ಟ್ಯಾಂಕ್ ಹತ್ತಿರವಿದ್ದರೆ ಇಳಿಸಬೇಕು. ಎಲ್ಲ ಮುಗಿದ ಮೇಲೆ ಒಳಗೆ ಉದ್ದ ನಳಿಕೆಯಿಂದ ಮೇಣದ ಕೋಟಿಂಗ್ ಸಿಂಪಡಿಸಬೇಕು. ಇಷ್ಟನ್ನು ಹೇಳಿದಾಗ ನಿಮ್ಮ ಮೆಕ್ಯಾನಿಕ್ ತಲೆ ಕೆರೆದುಕೊಂಡರೆ ಬಸ್ ಬಾಡಿ ಕಟ್ಟುವವರ ಹತ್ತಿರ ಹೋಗಿ, ಅವರಿಗೆ ಈ ಕೆಲಸ ಗೊತ್ತು. ಇಷ್ಟಾದರೂ ಅದು ಹೊಸ ಚಾಸಿ ಆಗುವುದಿಲ್ಲ. ವರ್ಷಕ್ಕೊಮ್ಮೆ ಬೆಸುಗೆಯ ಅಂಚನ್ನು ನೋಡಿಸುತ್ತಿರಬೇಕು, ಏಳು ಜನರ ಲೋಡ್ ಮರೆತುಬಿಡಬೇಕು.

ಚಾಸಿಯನ್ನೇ ಬದಲಿಸುವುದು ಕಾಗದದ ಮೇಲೆ ಸುಲಭ. ಗಾಡಿಯ ಗುರುತಿನ ನಂಬರ್ ಕೊರೆದಿರುವುದು ಆ ತೊಲೆಯ ಮೇಲೆಯೇ. ಬದಲಿಸಲು ಆರ್‌ಟಿಒದಿಂದ ಮೊದಲೇ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಗುಜರಿಯಿಂದ ಬೇರೆ ಗಾಡಿಯ ಚಾಸಿ ತಂದು ನಿಮ್ಮ ನಂಬರಿನ ತುಂಡನ್ನು ಕತ್ತರಿಸಿ ಬೆಸೆದುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಳ್ಳಗಾಡಿಯವರ ಕಸುಬು, ಪೊಲೀಸ್ ಕೇಸಾದರೆ ಸಿಕ್ಕಿಬೀಳುವುದು ನೀವು. ಸರಿದಾರಿಯಲ್ಲಿ ಹೋದರೂ ಚಾಸಿ, ಬಾಡಿ ಇಳಿಸಿ ಏರಿಸುವ ಕೂಲಿ ಸೇರಿ 2012ರ ಗಾಡಿಯ ಇವತ್ತಿನ ಬೆಲೆಗೆ ಲೆಕ್ಕ ಹೊಂದುವುದು ಅಪರೂಪ.

ಎರಡೂ ಕಡೆ ತೆಳುವಾಗಿದ್ದರೆ, ಅಥವಾ ಬ್ರಾಕೆಟ್‌ಗಳ ಬುಡ ಹೋಗಿದ್ದರೆ, ನನ್ನ ಉತ್ತರ ಗುಜರಿ. ಸರ್ಕಾರಿ ನೋಂದಣಿ ಇರುವ ಗುಜರಿ ಕೇಂದ್ರಕ್ಕೇ ಕೊಡಿ. ಅವರು ಕೊಡುವ ಸರ್ಟಿಫಿಕೇಟ್ ತೋರಿಸಿದರೆ ಮುಂದಿನ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ನಿಮಗೆ ಎಷ್ಟು ಸಿಗುತ್ತದೆಂದು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಆ ನಿಮ್ಮ ಗಟ್ಟಿ ಇಂಜಿನ್, ಗೇರ್‌ಬಾಕ್ಸ್‌ಗೆ ಬೆಲೆ ಇದೆ, ಬೆಲೆ ಮಾತಾಡುವಾಗ ಅದನ್ನು ಹೇಳಿ.

ಬಣ್ಣ ಹೊಡೆಸಿ ಘಟ್ಟದ ಮೇಲಿನವರಿಗೆ ಮಾರುವ ಸಲಹೆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಾಗೆ ಹೋದ ಒಂದು ಗಾಡಿಯನ್ನು ತೀರ್ಥಹಳ್ಳಿಯಲ್ಲಿ ನಾನೇ ನೋಡಿದ್ದೇನೆ. ಹಿಂದಿನ ಬಾಗಿಲು ಮುಚ್ಚಲು ಮಾಲೀಕ ಹೆಗಲು ಕೊಟ್ಟು ಎತ್ತುತ್ತಿದ್ದ, ಹಿಂಜ್ ಸವೆದಿದೆ ಎಂದುಕೊಂಡಿದ್ದ. ಸವೆದದ್ದು ಹಿಂಜ್ ಅಲ್ಲ; ಚಾಸಿಯ ನಡು ಕುಸಿದು ಬಾಗಿಲಿನ ಚೌಕಟ್ಟೇ ಓರೆಯಾಗಿತ್ತು. ಮಾರುವುದಾದರೆ ತೂತಿನ ಫೋಟೋ ತೋರಿಸಿ, ಬಿಡಿಭಾಗಕ್ಕೆಂದು ಕೊಳ್ಳುವವರಿಗೆ ಮಾರಿ. ಘಟ್ಟದ ಮೇಲಿನ ಓದುಗರಿಗೂ ಒಂದು ಮಾತು: ಕೆಎ 19, 20, 30, 47 ಎಂಬ ಕರಾವಳಿ ನೋಂದಣಿಯ ಗಾಡಿ ಎಂದರೆ ದೂರ ಓಡಬೇಕಿಲ್ಲ, ಆದರೆ ರ‍್ಯಾಂಪ್ ಮೇಲೆ ಏರಿಸಿ ಸುತ್ತಿಗೆ ತಟ್ಟದೆ ಅಡ್ವಾನ್ಸ್ ಕೊಡಬೇಡಿ. ಕೆಳಗೆ ತೀರಾ ಹೊಸ ಕಪ್ಪು ಕಂಡರೆ ಅನುಮಾನ ಇಮ್ಮಡಿಸಲಿ.

ನೀವು ಕೇಳದ ಒಂದು ಸಂಗತಿ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಚಾಸಿ ನಂಬರ್ ಹಾಕಿ ಕಂಪನಿಯ ರಿಕಾಲ್ ಪುಟದಲ್ಲಿ ಒಮ್ಮೆ ನೋಡಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವದಲ್ಲಿ ಕೆಟ್ಟು, ಉಬ್ಬುವ ಹೊತ್ತಿಗೆ ಸಿಡಿದು ಲೋಹದ ಚೂರು ಎರಚುತ್ತದೆ. ಭಾರತದಲ್ಲೂ ಹೋಂಡಾದ ಸಿಆರ್‌-ವಿಯಂಥ ಎಸ್‌ಯುವಿ ಸೇರಿ ಹಲವು ಮಾಡೆಲ್‌ಗಳನ್ನು ಇದಕ್ಕಾಗಿ ವಾಪಸ್ ಕರೆದು ಪುಕ್ಕಟೆ ಬದಲಿಸಿದ್ದಾರೆ. ಅಮೆರಿಕದಲ್ಲಿ ಬದಲಿಸುವಾಗ ಆದ್ಯತೆ ಕೊಟ್ಟದ್ದು ಫ್ಲಾರಿಡಾದಂಥ ಸೆಖೆಯ ರಾಜ್ಯಗಳ ಗಾಡಿಗಳಿಗೆ. ನಮ್ಮ ಕರಾವಳಿಯ ಹವೆ ಅದಕ್ಕಿಂತ ಕಡಿಮೆಯೇನಲ್ಲ. ಇಂಥ ಪತ್ರಗಳು ಹೋಗುವುದು ಕಂಪನಿಯ ದಾಖಲೆಯಲ್ಲಿರುವ ಮೊದಲ ಮಾಲೀಕರ ವಿಳಾಸಕ್ಕೆ. ನಿಮ್ಮ ಸಿಗಡಿ ಕೆರೆಯವರು ಅದನ್ನು ನಿಮಗೆ ತಲುಪಿಸಿರುತ್ತಾರೆಂದು ನಂಬಬೇಡಿ.

ಮುಂದೆ ಯಾವ ಗಾಡಿ ತೆಗೆದುಕೊಂಡರೂ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಒಣ ದಿನ ನೋಡಿ ಚಾಸಿಯ ಒಳಗೆ ಮೇಣ ಹೊಡೆಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆಸಿ, ನೀರು ಹೋಗುವ ತೂತುಗಳನ್ನು ಕಂಬಿಯಿಂದ ಬಿಡಿಸಿ. ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಟಾರ್ಪಾಲಿನ್ ಹೊದಿಸಿ ಬಿಗಿಯಾಗಿ ಕಟ್ಟಲೂಬೇಡಿ. ಗಾಳಿ ಆಡಬೇಕು.

ಎರಡೂ ತೊಲೆಗಳ ಅಳತೆಯನ್ನು ಜಾಗದ ಗುರುತಿನೊಂದಿಗೆ ಬರೆದು, ತೂತಿನ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೋ ಜೊತೆ ಕಳಿಸಿ. ಬೆಸುಗೆಯೋ ಗುಜರಿಯೋ ಎಂದು ಆಗ ಖಚಿತವಾಗಿ ಹೇಳಬಲ್ಲೆ. ಅಲ್ಲಿಯ ತನಕ ಅಮ್ಮನನ್ನು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಮುಂದಿನ ಸೀಟ್ ಕೇಳಿ.